ನಾಲ್ಕು ಜನ ನುಡಿಸಬೇಕು: ತುಮಕೂರಿನಲ್ಲಿ ಕೂತು ಚೇಂಬರ್ ಸಂಗೀತ ಬರೆಯುವವರಿಗೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಚೇಂಬರ್ ಸಂಗೀತ ಅಂದರೆ ಒಂದು ಕೋಣೆಯಲ್ಲಿ ಕೂರುವಷ್ಟು ಜನರ ಮೇಳ. ಇಬ್ಬರಿಂದ ಎಂಟೊಂಬತ್ತು ಜನ, ಪ್ರತಿಯೊಬ್ಬರಿಗೂ ಅವರದೇ ಪಾರ್ಟ್ (ಅವರ ವಾದ್ಯದ ಸ್ವರಗಳು ಮಾತ್ರ ಇರುವ ಹಾಳೆ), ಮುಂದೆ ಕೋಲು ಹಿಡಿದು ನಡೆಸುವವರು ಇಲ್ಲ. ಹಾಗಾಗಿ ಹೇಳಬೇಕಾದ್ದೆಲ್ಲ ಕಾಗದದ ಮೇಲೇ ಇರಬೇಕು. ಕೊನೆಯ ಸ್ವರ ಬರೆದ ದಿನ ರಚನೆ ಮುಗಿಯುವುದಿಲ್ಲ. ನಿಮ್ಮನ್ನು ಕಂಡೇ ಇರದ ನಾಲ್ಕು ಜನ ಬರೀ ಕಾಗದ ನೋಡಿ ನೀವಂದುಕೊಂಡಂತೆ ನುಡಿಸಿದ ದಿನ ಮುಗಿಯುತ್ತದೆ. ಇಲ್ಲಿ ಹೇಳುವುದೆಲ್ಲ ಆ ದಿನಕ್ಕೆ ಬೇಕಾದ ತಯಾರಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಸುಮಾರು 60–70 ಕಿ.ಮೀ. ದೂರ. ರಚನಕಾರರಿಗೆ ಇದು ಅನುಕೂಲದ ದೂರ. ಊರಿನಲ್ಲಿ ಬಾಡಿಗೆ ಕಡಿಮೆ, ಬರೆಯಲು ಬೆಳಗಿನ ಹೊತ್ತು ಸಿಗುತ್ತದೆ. ನುಡಿಸುವವರು ಬೆಂಗಳೂರಿನಲ್ಲಿದ್ದರೂ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಆ ಅನುಕೂಲ ಕೈಗೆ ಸಿಗಬೇಕಾದರೆ ಬರೆಯುವ ಮೊದಲೇ ಯಾರು ನುಡಿಸುತ್ತಾರೆ ಎಂದು ಗೊತ್ತಿರಬೇಕು. ಎಂಬತ್ತು ಜನರ ಸಿಂಫನಿ ಬರೆದು ಕಂಪ್ಯೂಟರಿನಲ್ಲಿ ಕೇಳಿ ಖುಷಿಪಡುವುದಕ್ಕಿಂತ, ಇಬ್ಬರಿಗೆ ನಾಲ್ಕು ನಿಮಿಷದ ರಚನೆ ಬರೆದು ಮನುಷ್ಯರ ಕೈಯಲ್ಲಿ ಕೇಳುವುದು ನೂರು ಪಾಲು ಹೆಚ್ಚು ಕಲಿಸುತ್ತದೆ.

ಮೊದಲ ರಚನೆ ವಯಲಿನ್ ಮತ್ತು ಚೆಲೊಗೆ (ಕೂತು, ನೆಲಕ್ಕೂರಿ ನುಡಿಸುವ ದೊಡ್ಡ ತಂತಿವಾದ್ಯ) ಇರಲಿ. ಇಬ್ಬರ ಬಿಡುವು ಹೊಂದಿಸುವುದು ಸುಲಭ. ಆಮೇಲೆ ಸ್ಟ್ರಿಂಗ್ ಕ್ವಾರ್ಟೆಟ್: ಎರಡು ವಯಲಿನ್, ಒಂದು ವಯೋಲಾ (ವಯಲಿನ್ನಿಗಿಂತ ಸ್ವಲ್ಪ ದೊಡ್ಡದು), ಒಂದು ಚೆಲೊ. ಇಂಥ ತಂಡಗಳು ಲೋಕದಲ್ಲೆಲ್ಲ ಇರುವುದರಿಂದ ಒಮ್ಮೆ ಬರೆದದ್ದು ಮತ್ತೆ ಮತ್ತೆ ನುಡಿಯುವ ಅವಕಾಶ ಇದಕ್ಕೇ ಹೆಚ್ಚು. ನುಡಿಸುವವರನ್ನು ಹುಡುಕಲು ಬೆಂಗಳೂರಿನ ಆರ್.ಟಿ. ನಗರದಲ್ಲಿ 1987ರಿಂದ ಇರುವ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳ ಸಂಗೀತ ಕಛೇರಿಗಳಿಗೆ ಹೋಗಿ ಕೂತು ಕೇಳಿ. ಯಾರ ಕೈ ಹೇಗೆ ನುಡಿಸುತ್ತದೆ ಎಂದು ಕೇಳಿಸಿಕೊಂಡ ಮೇಲೆ ಮಾತಾಡಿಸಿ. ಪತ್ರ ಬರೆದರೆ ಐದು ವಿಷಯ ಸಾಕು: ಯಾವ ವಾದ್ಯಗಳಿಗೆ, ಎಷ್ಟು ನಿಮಿಷ, ಯಾವ ತಿಂಗಳು, ಎಷ್ಟು ತಾಲೀಮು, ಎಷ್ಟು ಸಂಭಾವನೆ. ಜೊತೆಗೆ ಸ್ಕೋರಿನ, ಅಂದರೆ ಎಲ್ಲರ ಪಾರ್ಟೂ ಒಂದರ ಕೆಳಗೊಂದು ಇರುವ ಪ್ರತಿಯ, ಎರಡು ಪುಟ.

ಓದಲು ಸ್ಕೋರುಗಳ ಕೊರತೆ ಇಲ್ಲ. ಹಕ್ಕಿನ ಅವಧಿ ಮುಗಿದ ಸ್ಕೋರುಗಳನ್ನು ಐಎಂಎಸ್‌ಎಲ್‌ಪಿ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹೈಡನ್‌ನ 33ನೇ ಓಪಸ್‌ನ (ಕೃತಿಸಂಖ್ಯೆಯ) ಆರು ಕ್ವಾರ್ಟೆಟ್‌ಗಳು ಮತ್ತು ಬಾರ್ಟೋಕ್‌ನ ಆರು ಕ್ವಾರ್ಟೆಟ್‌ಗಳಿಂದ ಶುರು ಮಾಡಿ. ಹಳ್ಳಿಯ ಹಾಡುಗಳನ್ನು ಊರೂರು ತಿರುಗಿ ದಾಖಲಿಸಿ, ಅವುಗಳ ನಡೆಯನ್ನು ಕ್ವಾರ್ಟೆಟ್ಟಿಗೆ ತಂದವನು ಬಾರ್ಟೋಕ್. ನಮ್ಮ ಕಡೆಯವರಿಗೆ ಅವನಿಂದ ಕಲಿಯುವುದು ಬಹಳ ಇದೆ. ಇಂದಿನವರ ಬರವಣಿಗೆ ಬೇಕಾದರೆ ಕ್ರೋನೋಸ್ ಕ್ವಾರ್ಟೆಟ್ ತಂಡ 50 ಹೊಸ ರಚನೆಗಳನ್ನು ಬರೆಸಿ, ಸ್ಕೋರು, ಪಾರ್ಟು ಎರಡನ್ನೂ ಉಚಿತವಾಗಿ ಕೊಡುತ್ತಿದೆ. ಒಂದು ಪುಟವನ್ನು ಕೈಯಲ್ಲೇ ನಕಲು ಮಾಡಿ. ಸುಮ್ಮನೆ ಓದುವಾಗ ಕಾಣದ್ದು ನಕಲು ಮಾಡುವಾಗ ಕಾಣುತ್ತದೆ.

ಶ್ರುತಿ, ಗಮಕ, ತಾಳ

ಕರ್ನಾಟಕ ಸಂಗೀತ ಕಲಿತು ಬಂದವರು ಎಡವುವುದು ಹೆಚ್ಚಾಗಿ ಈ ಮೂರರಲ್ಲೇ.

ಮೊದಲು ಶ್ರುತಿ. ನಮ್ಮ ಪಿಟೀಲಿನವರು ತಂತಿಗಳನ್ನು ಸ–ಪ–ಸ–ಪ ಎಂದು ಹಾಡುವವರ ಮನೆಗೆ, ಅಂದರೆ ಆಧಾರ ಶ್ರುತಿಗೆ, ತಕ್ಕಂತೆ ಕೂಡಿಸಿಕೊಳ್ಳುತ್ತಾರೆ. ಪಾಶ್ಚಾತ್ಯ ಪದ್ಧತಿಯವರು ಹಾಗೆ ಬದಲಿಸುವುದಿಲ್ಲ. ವಯಲಿನ್ನಿನ ತಂತಿಗಳು ಕೆಳಗಿನಿಂದ ಜಿ, ಡಿ, ಎ, ಇ. ವಯೋಲಾದ್ದು ಸಿ, ಜಿ, ಡಿ, ಎ. ಚೆಲೊ ವಯೋಲಾಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಜಿ, ಡಿ, ಎ ಈ ಮೂರು ತಂತಿ ನಾಲ್ಕೂ ವಾದ್ಯಗಳಲ್ಲಿವೆ. ಎರಡು ಮನೆಯನ್ನು, ಅಂದರೆ ಡಿಯನ್ನು ಷಡ್ಜ ಮಾಡಿಕೊಂಡರೆ ಷಡ್ಜ, ಶುದ್ಧ ಮಧ್ಯಮ, ಪಂಚಮ ಮೂರೂ ಬೆರಳಿಡದ ತಂತಿಯಲ್ಲೇ ಸಿಗುತ್ತವೆ. ನುಡಿಸದೆ ಬಿಟ್ಟ ತಂತಿಗಳೂ ಜೊತೆಗೆ ಮಿಡಿದು ಮೇಳ ತುಂಬಿಕೊಂಡು ಕೇಳುತ್ತದೆ. ಐದು ಮನೆಯೂ ಚೆನ್ನ. ಒಂದೂವರೆ ಮನೆ ತೆಗೆದುಕೊಂಡಿರೋ, ಷಡ್ಜ ಪಂಚಮ ಎರಡಕ್ಕೂ ಬೆರಳು ಬೇಕು, ಮಿಡಿಯುವ ತಂತಿ ಇಲ್ಲ, ಶ್ರುತಿ ಜಾರಿದರೆ ಹಿಡಿದುಕೊಳ್ಳಲು ಆಸರೆ ಇಲ್ಲ. ಹಾಡಿ ಹಾಡಿ ಒಂದೂವರೆ ಮನೆಯಲ್ಲೇ ರಾಗ ಹೊಳೆಯುವವರು ಹೊಳೆದದ್ದನ್ನು ಅರ್ಧ ಮನೆ ಏರಿಸಿ ಬರೆಯಲಿ.

ಗಮಕದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದುವವರು ಕಾಗದದಲ್ಲಿ ಇದ್ದದ್ದನ್ನು ನುಡಿಸುತ್ತಾರೆ, ಇಲ್ಲದ್ದನ್ನು ನುಡಿಸುವುದಿಲ್ಲ. ಡಿ ಷಡ್ಜವಾದಾಗ ತೋಡಿಯ ಗಾಂಧಾರ ಅಂತ ಒಂದು ಎಫ್ ಬರೆದರೆ ನೇರವಾದ, ಕದಲದ ಎಫ್ ಬರುತ್ತದೆ. ಅದರಲ್ಲಿ ತೋಡಿ ಇಲ್ಲ. ಆ ಗಾಂಧಾರ ರಿಷಭಕ್ಕೂ ಮಧ್ಯಮಕ್ಕೂ ನಡುವೆ ಓಲಾಡುವಂಥದ್ದು. ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಎಷ್ಟು ಸಲ ಮರಳಬೇಕು ಎಂಬುದನ್ನು ಸಣ್ಣ ಸ್ವರತಲೆಗಳಿಂದ, ಅವುಗಳ ನಡುವೆ ಜಾರುಗೆರೆ ಎಳೆದು ತೋರಿಸಬೇಕು. ಕೆಳಗೆ ಎಷ್ಟು ಎಣಿಕೆಯಲ್ಲಿ ಇದು ಮುಗಿಯಬೇಕು ಎಂಬ ಅಳತೆ. ಹೀಗೆ ಬರೆದರೂ ಪ್ರತಿ ಸ್ವರಕ್ಕೂ ಬರೆದಿರೆಂದರೆ ಕಾಗದ ಕಪ್ಪಾಗಿ ಯಾರೂ ಓದಲಾರರು. ಆದ್ದರಿಂದ ಆರಿಸಿಕೊಳ್ಳಿ: ಒಂದು ರಚನೆಯಲ್ಲಿ ಎರಡು ಮೂರು ಕಡೆ ಮಾತ್ರ ಪೂರ್ತಿ ಗಮಕ, ಮಿಕ್ಕ ಕಡೆ ಸಾದಾ ಸ್ವರ. ಮೊದಲ ಪ್ರಯತ್ನಕ್ಕೆ ಹಂಸಧ್ವನಿ, ಮೋಹನದಂಥ ರಾಗಗಳು ಸುಲಭ. ಸ್ವರಗಳನ್ನು ನೇರವಾಗಿ ಹಿಡಿದರೂ ರಾಗದ ಮುಖ ಉಳಿಯುತ್ತದೆ. ಗಮಕದ ಜಾಗಗಳನ್ನು ನೀವೇ ಹಾಡಿ, ನಿಧಾನಕ್ಕೆ ಒಮ್ಮೆ, ವೇಗದಲ್ಲಿ ಒಮ್ಮೆ, ಮೊಬೈಲಿನಲ್ಲಿ ದಾಖಲಿಸಿ ಪಾರ್ಟಿನ ಜೊತೆ ಕಳಿಸಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಕಲಾವಿದರು ಇಂಥ ದಾಖಲೆಯನ್ನು ಕೇಳಿ ಪಡೆಯುತ್ತಾರೆ.

ತಾಳ ಇವೆರಡಕ್ಕಿಂತ ಸುಲಭವಾಗಿ ದಾಟುತ್ತದೆ. ಮಿಶ್ರ ಛಾಪನ್ನು 7/8 ಎಂದು ಬರೆದು ಸ್ವರಗಳನ್ನು 3+2+2 ಆಗಿ ಜೋಡಿಸಿ, ಖಂಡ ಛಾಪನ್ನು 5/8ರಲ್ಲಿ 2+3 ಆಗಿ. ಜೋಡಣೆ ತಪ್ಪಿದರೆ ಲೆಕ್ಕ ಸರಿಯಿದ್ದೂ ನಡೆ ಕುಂಟುತ್ತದೆ. ಆದಿತಾಳದ ಒಂದು ಆವರ್ತ 4/4ರ ಎರಡು ಬಾರ್ (ಬಾರ್ ಅಂದರೆ ಎರಡು ನಿಲುಗೆರೆಗಳ ನಡುವಿನ ಭಾಗ).

ಒಂದೇ ಸೊಲ್ಲನ್ನು ಮೂರು ಸಲ ನುಡಿಸಿ ಮುಗಿಸುವ ಮುಕ್ತಾಯದ ಲೆಕ್ಕಕ್ಕೆ ಒಂದು ಉದಾಹರಣೆ. ಎಣಿಕೆಗೆ ನಾಲ್ಕು ಮಾತ್ರೆಯಂತೆ ಆದಿತಾಳದಲ್ಲಿ 32 ಮಾತ್ರೆ. 7 ಮಾತ್ರೆಯ ಸೊಲ್ಲು ಮೂರು ಸಲ, ನಡುವೆ ಎರಡು ಸಲ 2 ಮಾತ್ರೆಯ ಬಿಡುವು: 21 + 4 = 25. ಹಾಗಾದರೆ 7 ಮಾತ್ರೆ ಬಿಟ್ಟು 8ನೆಯದಕ್ಕೆ ಎತ್ತಬೇಕು. ಮೊದಲ ಸಲ ಎರಡನೇ ಎಣಿಕೆಯ ಕೊನೆಯ ಮಾತ್ರೆಗೆ, ಎರಡನೇ ಸಲ ಐದನೇ ಎಣಿಕೆಯ ಆರಂಭಕ್ಕೆ, ಮೂರನೇ ಸಲ ಏಳನೇ ಎಣಿಕೆಯ ಎರಡನೇ ಮಾತ್ರೆಗೆ ಬೀಳುತ್ತದೆ, ಮುಂದಿನದು ಸಮ, ಅಂದರೆ ತಾಳದ ಮೊದಲ ಎಣಿಕೆ. ಇದನ್ನು ಬರೆಯುವಾಗ ಕೆಲವರು 7/16, 2/16 ಎಂದು ಬಾರಿನ ಅಳತೆಯನ್ನೇ ಬದಲಿಸುತ್ತಾರೆ. ಬೇಡ. ಅಳತೆ 4/4 ಹಾಗೇ ಇರಲಿ, ಎಣಿಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತೆ ಸ್ವರಗಳನ್ನು ಜೋಡಿಸಿ, ಪ್ರತಿ ಸೊಲ್ಲಿನ ಎತ್ತುಗಡೆಗೆ ಒಂದು ಒತ್ತುಗುರುತು ಹಾಕಿ. ಮುಕ್ತಾಯದ ಸೊಗಸು ತಾಳದ ವಿರುದ್ಧ ನಡೆಯುವುದರಲ್ಲಿದೆ. ಅಳತೆ ಬದಲಿಸಿದರೆ ನುಡಿಸುವವರಿಗೆ ವಿರುದ್ಧ ನಿಲ್ಲಲು ತಾಳವೇ ಇರುವುದಿಲ್ಲ.

ಊರಿನ ವಾದ್ಯ ಸೇರಿಸುವ ಆಸೆ ಸಹಜ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಕ್ವಾರ್ಟೆಟ್ಟಿನ ಪಕ್ಕ ತಮಟೆ ನಿಲ್ಲುವ ಯೋಗ್ಯತೆಯ ಬಗ್ಗೆ ಪ್ರಶ್ನೆಯೇ ಇಲ್ಲ. ಪ್ರಶ್ನೆ ಸದ್ದಿನದು. ಬಯಲಿಗೆ ಹುಟ್ಟಿದ ವಾದ್ಯವನ್ನು ಕೋಣೆಯಲ್ಲಿ ಒಟ್ಟಿಗೆ ನುಡಿಸಿದರೆ ನಾಲ್ಕೂ ತಂತಿವಾದ್ಯ ಮುಳುಗುತ್ತವೆ. ತಮಟೆ ಕೇಳಿ, ತಂತಿ ಉತ್ತರ ಕೊಡುವಂತೆ ಸರದಿಯಲ್ಲಿ ಬರೆಯಿರಿ. ಇನ್ನೊಂದು: ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ, ಬಿಸಿ ಆರಿದಂತೆ ನಾದ ಇಳಿಯುತ್ತದೆ. ಸಭಾಂಗಣದೊಳಗೆ ಬೆಂಕಿ ಹಾಕಲು ಬಿಡುವುದಿಲ್ಲ. ಹೊರಗೆ ಕಾಯಿಸಿಕೊಂಡು ಬರುವಂತೆ ತಮಟೆಯ ಭಾಗವನ್ನು ರಚನೆಯ ಆರಂಭದಲ್ಲೇ ಇಡಿ, ಇಲ್ಲವೇ ಎರಡು ತಮಟೆ ಇಟ್ಟುಕೊಳ್ಳಿ.

ಕಮಾನಿನ ಉಸಿರು

ತಂತಿವಾದ್ಯ ಗೊತ್ತಿಲ್ಲದವರು, ಅದರಲ್ಲೂ ಕೀಬೋರ್ಡಿನ ಮುಂದೆ ಕೂತು ಬರೆಯುವವರು, ಎಂಟು ಬಾರ್ ಉದ್ದಕ್ಕೂ ಒಂದೇ ಬಿಲ್ಲುಗೆರೆ (ಸ್ವರಗಳನ್ನು ಕೂಡಿಸುವ ಬಾಗುಗೆರೆ) ಎಳೆದುಬಿಡುತ್ತಾರೆ. ಕೀಬೋರ್ಡಿನವರಿಗೆ ಅದು ಸಾಹಿತ್ಯದ ಒಂದು ಸಾಲು. ತಂತಿಯವರಿಗೆ ಅದು ಒಂದು ಕಮಾನು. ಜೋರಾಗಿ ಎಳೆದರೆ ಒಂದು ಕಮಾನು ಮೂರು ನಾಲ್ಕು ಸೆಕೆಂಡಿಗೆ ಮುಗಿಯುತ್ತದೆ, ಬಹಳ ಮೆಲ್ಲಗೆ ಎಳೆದರೆ ಹತ್ತರ ಹತ್ತಿರ. ನೀವೇ ಒಂದು ಕೈಯಲ್ಲಿ ಸ್ಕೇಲು ಹಿಡಿದು, ಹಾಡುತ್ತಾ ಎಳೆದು ನೋಡಿ. ಎಲ್ಲಿ ತುದಿ ಬರುತ್ತದೋ ಅಲ್ಲಿ ಗೆರೆ ತುಂಡಾಗಬೇಕು.

ಕಮಾನಿನಿಂದ ಮೀಟುವುದಕ್ಕೆ ಬದಲಾಗಲು ಒಂದು ಎಣಿಕೆಯಾದರೂ ಬಿಡಿ. ಮ್ಯೂಟ್ (ಸದ್ದು ತಗ್ಗಿಸಲು ಕುದುರೆಗೆ ಸಿಕ್ಕಿಸುವ ತುಂಡು) ಹಾಕಲು ತೆಗೆಯಲು ಎರಡು ಮೂರು ಸೆಕೆಂಡಿನ ಪೂರ್ತಿ ಬಿಡುವು ಬೇಕು. ಒಟ್ಟಿಗೆ ಎರಡು ಸ್ವರ ಬರೆದಾಗ ಅವು ಪಕ್ಕಪಕ್ಕದ ತಂತಿಗಳ ಮೇಲಿವೆಯೇ ನೋಡಿ. ಒಂದು ಸ್ವರ ಬೆರಳಿಡದ ತಂತಿಯಾದರೆ ಇನ್ನೂ ಸುಲಭ. ಚೆಲೊದಲ್ಲಿ ಕೈ ಅಗಲಿಸಿದರೂ ಮೊದಲ ಬೆರಳಿಗೂ ನಾಲ್ಕನೆಯದಕ್ಕೂ ನಡುವೆ ನಾಲ್ಕು ಅರ್ಧಸ್ವರ ಮಾತ್ರ ಸಿಗುತ್ತದೆ. ವಯಲಿನ್ನಿಗೆ ಬರೆದದ್ದನ್ನು ಹಾಗೇ ಕೆಳಗಿಳಿಸಿ ಚೆಲೊಗೆ ಕೊಟ್ಟರೆ ಕೈಗೆ ಎಟುಕುವುದಿಲ್ಲ. ವಿದ್ಯಾರ್ಥಿಗಳು ನುಡಿಸುವುದಾದರೆ ವಯಲಿನ್ನಿನ ಮೇಲಿನ ಗಡಿ ಇ ತಂತಿಯಲ್ಲಿ ನಾಲ್ಕನೇ ಬೆರಳಿಗೆ ಸಿಗುವ ಬಿ ಆಗಿರಲಿ. ಅದರ ಮೇಲೆ ಹೋದರೆ ಕೈ ಜಾಗ ಬಿಟ್ಟು ಏರಬೇಕು.

ವಯೋಲಾದ ರಾಗ ಕೇಳಿಸುತ್ತಿಲ್ಲ ಎಂದು ಅದಕ್ಕೆ ಇನ್ನಷ್ಟು ಜೋರಿನ ಗುರುತು ಹಾಕುವುದು ಎಲ್ಲರೂ ಮಾಡುವ ತಪ್ಪು. ಸುತ್ತಲಿನ ಮೂವರನ್ನು ತಗ್ಗಿಸಿ, ಅಥವಾ ಅವರ ಸ್ವರಗಳನ್ನು ವಯೋಲಾದ ದಾರಿಯಿಂದ ಮೇಲಕ್ಕೋ ಕೆಳಕ್ಕೋ ಸರಿಸಿ.

ಉದ್ದದ ಅಂದಾಜು ಮೊದಲೇ ಇರಲಿ. ನಿಮಿಷಕ್ಕೆ 72 ಎಣಿಕೆಯ ವೇಗದಲ್ಲಿ 6 ನಿಮಿಷವೆಂದರೆ 432 ಎಣಿಕೆ, 4/4ರಲ್ಲಿ 108 ಬಾರ್. ಮೊದಲ ಕ್ವಾರ್ಟೆಟ್ 6ರಿಂದ 8 ನಿಮಿಷ ಮೀರದಿರಲಿ. ಹಾಗಾದರೆ ಯಾವ ಕಾರ್ಯಕ್ರಮದೊಳಗೂ ಸೇರಿಸಬಹುದು.

ಕಾಗದ

ಮ್ಯೂಸ್‌ಸ್ಕೋರ್ ಸ್ವರಲಿಪಿ ತಂತ್ರಾಂಶ ಉಚಿತ, ಶುರುವಿಗೆ ಅಷ್ಟೇ ಸಾಕು. ಹಿಂದೆ ಬಹಳ ಜನ ಬಳಸುತ್ತಿದ್ದ ಫಿನಾಲೆಯ ಅಭಿವೃದ್ಧಿಯನ್ನು 2024ರಲ್ಲಿ ನಿಲ್ಲಿಸಲಾಯಿತು. ಹಳೆಯ ಕಡತಗಳಿದ್ದವರು ಎಲ್ಲವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ತಂತ್ರಾಂಶಗಳೂ ತೆರೆಯಬಲ್ಲ) ರೂಪದಲ್ಲೂ ಪಿಡಿಎಫ್‌ನಲ್ಲೂ ಈಗಲೇ ಉಳಿಸಿಡಿ. ಕಂಪ್ಯೂಟರ್ ನುಡಿಸಿದ್ದನ್ನು ನಂಬಿ ತೀರ್ಮಾನ ಮಾಡಬೇಡಿ. ಅದಕ್ಕೆ ಕೈ ಸೋಲುವುದಿಲ್ಲ, ಕಮಾನು ಮುಗಿಯುವುದಿಲ್ಲ, ವಯೋಲಾ ಎಂದೂ ಮುಳುಗುವುದಿಲ್ಲ. ಸ್ವರ ತಪ್ಪಿದೆಯೇ ಎಂದು ನೋಡಲು ಅದು ಸಾಕು. ಸಮತೋಲ ನೋಡಲು ಸಾಲದು.

ಸ್ಕೋರ್ ಮುಗಿದ ಮೇಲೆ ಪಾರ್ಟ್‌ಗಳನ್ನು ತಯಾರಿಸುವುದಕ್ಕೆ ಬೇರೆಯೇ ಒಂದು ವಾರ ಇಟ್ಟುಕೊಳ್ಳಿ. ತಂತ್ರಾಂಶ ತಾನಾಗಿ ಕೊಡುವ ಪಾರ್ಟನ್ನು ಹಾಗೇ ಮುದ್ರಿಸಿ ಕೊಡುವುದು ನುಡಿಸುವವರಿಗೆ ಮಾಡುವ ಅಗೌರವ. ಐದು ಗೆರೆಗಳ ಒಟ್ಟು ಎತ್ತರ 7 ಮಿ.ಮೀ. ಇರಲಿ, ಸ್ಟ್ಯಾಂಡು ಕಣ್ಣಿನಿಂದ ಎರಡಡಿ ಮೇಲ್ಪಟ್ಟು ದೂರ ಇರುತ್ತದೆ. ಪ್ರತಿ ಸಾಲಿನ ಆರಂಭಕ್ಕೆ ಬಾರ್ ಸಂಖ್ಯೆ, ಹತ್ತಿಪ್ಪತ್ತು ಬಾರಿಗೊಮ್ಮೆ ದೊಡ್ಡ ಅಕ್ಷರದ ಗುರುತು. ಸ್ಕೋರು, ಪಾರ್ಟುಗಳಲ್ಲಿ ಇವು ಒಂದೇ ಆಗಿರಬೇಕು. ಉದ್ದದ ಬಿಡುವಿನ ಕೊನೆಗೆ ಪಕ್ಕದವರು ಏನು ನುಡಿಸುತ್ತಿದ್ದಾರೆ ಎಂಬ ಸಣ್ಣ ಸ್ವರಗಳ ಸುಳಿವು.

ಎಲ್ಲಕ್ಕಿಂತ ಮುಖ್ಯ ಪುಟ ತಿರುವು. ಬಲಗಡೆ ಪುಟದ ಕೊನೆಗೆ ಕೈ ಬಿಡುವಾಗಲೇಬೇಕು. ಬಿಡುವಿಲ್ಲದಿದ್ದರೆ ಆ ಪುಟವನ್ನು ಅರ್ಧ ಖಾಲಿ ಬಿಟ್ಟಾದರೂ ಬಿಡುವಿರುವ ಜಾಗಕ್ಕೆ ತಿರುವು ತನ್ನಿ. ಎ3 ಹಾಳೆಯಲ್ಲಿ ಎರಡೂ ಬದಿ ಮುದ್ರಿಸಿ, ನಡುವೆ ಮಡಿಸಿ ಪಿನ್ ಹೊಡೆದರೆ ನಾಲ್ಕು ಪುಟದ ಪುಸ್ತಕ. ಜೆರಾಕ್ಸ್ ಅಂಗಡಿಯಲ್ಲಿ 100 ಜಿಎಸ್‌ಎಂ ಕಾಗದ ಕೇಳಿ. ಮಾಮೂಲಿ ತೆಳು ಕಾಗದದಲ್ಲಿ ವೇದಿಕೆಯ ದೀಪಕ್ಕೆ ಹಿಂಬದಿಯ ಸ್ವರಗಳೂ ಕಾಣುತ್ತವೆ, ಫ್ಯಾನ್ ಗಾಳಿಗೆ ಹಾಳೆ ಏಳುತ್ತದೆ. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ಅಂಗಡಿಯವರು ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ನಿಮ್ಮ 7 ಮಿ.ಮೀ. ಆರೂವರೆಗೆ ಇಳಿಯುತ್ತದೆ. ವಯೋಲಾಕ್ಕೆ ಆಲ್ಟೊ ಕ್ಲೆಫ್ (ಸಾಲಿನ ಆರಂಭದಲ್ಲಿ ಹಾಕುವ ಸ್ವರಸ್ಥಾನದ ಗುರುತು) ಹಾಕಿದ್ದೀರಾ ಎಂದು ಕೊನೆಗೊಮ್ಮೆ ನೋಡಿ.

ಮೇಳದಲ್ಲಿ ಕರ್ನಾಟಕ ಪದ್ಧತಿಯ ಪಿಟೀಲಿನವರು ಒಬ್ಬರಿದ್ದರೆ ಅವರ ಪಾರ್ಟನ್ನು ಸರಿಗಮದಲ್ಲಿ, ಕನ್ನಡ ಲಿಪಿಯಲ್ಲಿ, ಅದೇ ಬಾರ್ ಸಂಖ್ಯೆಗಳೊಂದಿಗೆ ಬರೆಯಿರಿ. ಎರಡು ಲಿಪಿಯಾದರೂ ತಾಲೀಮಿನಲ್ಲಿ "42ರಿಂದ" ಅಂದರೆ ಎಲ್ಲರೂ ಒಟ್ಟಿಗೆ ಎತ್ತುವಂತಿರಬೇಕು.

ಪಾರ್ಟ್‌ಗಳು ಮೊದಲ ತಾಲೀಮಿಗೆ ನಾಲ್ಕು ವಾರ ಮುಂಚೆ ಕೈ ಸೇರಲಿ. ಹಿಂದಿನ ದಿನ ಕಳಿಸಿದರೆ ಮೊದಲ ತಾಲೀಮು ಓದುವುದರಲ್ಲೇ ಕಳೆಯುತ್ತದೆ, ಅದಕ್ಕೂ ನೀವೇ ದುಡ್ಡು ಕೊಡುತ್ತೀರಿ.

ತಾಲೀಮು ಮತ್ತು ಸಭಾಂಗಣ

ಏಳು ನಿಮಿಷದ ರಚನೆಗೆ ಎರಡು ಗಂಟೆಯ ಎರಡು ತಾಲೀಮು ಕನಿಷ್ಠ. ಇಬ್ಬರು ಬಾರದಿದ್ದರೂ ನಡೆಸೋಣ ಅನ್ನಬೇಡಿ; ಚೇಂಬರ್ ಸಂಗೀತದಲ್ಲಿ ಕಲಿಯುವುದೇ ಪಕ್ಕದವರನ್ನು ಕೇಳುವುದನ್ನು. ಮೊದಲ ಸಲ ತಪ್ಪಾದರೂ ನಿಲ್ಲಿಸದೆ ಕೊನೆಯವರೆಗೆ ನುಡಿಸಲಿ. ನೀವು ಸ್ಕೋರು ಪೆನ್ಸಿಲು ಹಿಡಿದು ಗುರುತು ಮಾಡಿಕೊಳ್ಳಿ. ಎಲ್ಲವನ್ನೂ ಹೇಳಬೇಡಿ. ಅರ್ಧಕ್ಕರ್ಧ ತಪ್ಪುಗಳನ್ನು ಎರಡನೇ ಸಲ ಅವರೇ ಸರಿಮಾಡಿಕೊಂಡಿರುತ್ತಾರೆ. ಎರಡನೇ ಸಲವೂ ಅದೇ ಜಾಗದಲ್ಲಿ ಎಡವಿದರೆ ತಪ್ಪು ಕಾಗದದಲ್ಲಿದೆ ಎಂದು ತಿಳಿಯಿರಿ. ಅಲ್ಲೇ ಕೇಳಿ: "ಇದನ್ನು ಹೇಗೆ ಬರೆದಿದ್ದರೆ ಸುಲಭವಾಗುತ್ತಿತ್ತು?" ಅವರ ಉತ್ತರವನ್ನು ಬರೆದುಕೊಳ್ಳಿ, ಯಾವ ಪಠ್ಯಪುಸ್ತಕದಲ್ಲೂ ಅದು ಸಿಗುವುದಿಲ್ಲ.

ಮೊದಲ ಪ್ರದರ್ಶನವನ್ನು ಊರಲ್ಲೇ ಮಾಡಿ. ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ, ಆದರೆ ನೂರು ಜನರಿಗೆ ಶಾಲೆಯ ಪ್ರಾರ್ಥನಾ ಸಭಾಂಗಣ ಅಥವಾ ಚರ್ಚಿನ ಹಾಲ್ ಇನ್ನೂ ಚೆನ್ನ. ಮೈಕ್ ಇಲ್ಲದೆ ಕೇಳುತ್ತದೆ. ಕಲ್ಯಾಣ ಮಂಟಪ ಬೇಡ. ಗ್ರಾನೈಟ್ ನೆಲ, ಬರಿಗೋಡೆ, ಎತ್ತರದ ಸೂರು ಸೇರಿ ಸದ್ದು ಸುತ್ತಿಕೊಂಡು ವೇಗದ ಸ್ವರಗಳೆಲ್ಲ ಕಲಸಿಹೋಗುತ್ತವೆ. ಜಾಗ ನೋಡಲು ಹೋದಾಗ ಕಾರ್ಯಕ್ರಮದ ಹೊತ್ತಿಗೇ ಹೋಗಿ, ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ, ಆಮೇಲೆ ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. ರಾಷ್ಟ್ರೀಯ ಹೆದ್ದಾರಿ 48ರ ಲಾರಿ, ರೈಲು, ಪಕ್ಕದ ದೇವಸ್ಥಾನದ ಧ್ವನಿವರ್ಧಕ, ಜನರೇಟರ್, ಎಲ್ಲವೂ ಆಗ ತಿಳಿಯುತ್ತವೆ.

ಕೈಯಿಲ್ಲದ ನಾಲ್ಕು ಕುರ್ಚಿ ಬೇಕು. ಸಭಾಂಗಣಗಳಲ್ಲಿ ಸಿಗುವ ಪ್ಲಾಸ್ಟಿಕ್ ಕುರ್ಚಿಗಳ ಕೈಗೆ ಕಮಾನಿನ ಮೊಣಕೈ ತಗುಲುತ್ತದೆ. ಚೆಲೊದ ತಳದ ಮೊಳೆ ಟೈಲ್ಸ್ ಮೇಲೆ ಜಾರುತ್ತದೆ. ಕುರ್ಚಿಯ ಮುಂಗಾಲಿಗೆ ಪಟ್ಟಿ ಕಟ್ಟಿ ಅದರ ಕುಣಿಕೆಗೆ ಮೊಳೆ ಊರಬೇಕು, ಇಲ್ಲವೇ ದಪ್ಪ ಜಮಖಾನ ಹಾಸಬೇಕು. ನಾಲ್ಕು ಸ್ಟ್ಯಾಂಡು, ಹತ್ತು ಬಟ್ಟೆ ಕ್ಲಿಪ್ಪು, ಪೆನ್ಸಿಲು, ಪಾರ್ಟ್‌ಗಳ ಇನ್ನೊಂದು ಸೆಟ್ಟು ನಿಮ್ಮ ಚೀಲದಲ್ಲಿರಲಿ. ಚೆಲೊ ಬಸ್ಸಿನ ಮೇಲಿನ ಕ್ಯಾರಿಯರಿಗೂ ಡಿಕ್ಕಿಗೂ ಹೋಗಬಾರದು, ಕಾರು ಮಾಡಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯ ಬಿಟ್ಟರೆ ಅಂಟು ಮೆತ್ತಗಾಗಿ ಬೆಸುಗೆ ಬಿಡುತ್ತದೆ.

ಮೈಕ್ ಅನಿವಾರ್ಯವಾದರೆ ಮೈಕ್ ಸೆಟ್ಟಿನವರಿಗೆ ಒಂದೇ ಮಾತು ಹೇಳಿ: ಎಕೋ ಸೊನ್ನೆ. ವೇದಿಕೆ ಕಾರ್ಯಕ್ರಮ, ಅಂದರೆ ದೀಪ, ಭಾಷಣ, ಶಾಲು ಹಾರ, ಸಂಗೀತದ ನಂತರ ಇರಲಿ. ಮೊದಲಿದ್ದರೆ ಮುಕ್ಕಾಲು ಗಂಟೆ ವೇದಿಕೆಯ ದೀಪಗಳ ಶಾಖಕ್ಕೆ ಕೂತ ವಾದ್ಯಗಳ ಶ್ರುತಿ ಇಳಿದಿರುತ್ತದೆ.

ದಾಖಲೆ ಮಾಡದೆ ಪ್ರದರ್ಶನ ಬೇಡ. ಮುಂದಿನ ಪ್ರತಿ ಅರ್ಜಿಗೂ ಇದೇ ಸಾಕ್ಷಿ. ಎರಡು ಮೈಕನ್ನು 17 ಸೆಂ.ಮೀ. ಅಂತರದಲ್ಲಿ, ಒಂದಕ್ಕೊಂದು 110 ಡಿಗ್ರಿ ಕೋನಕ್ಕೆ ತಿರುಗಿಸಿ, ಮೇಳದಿಂದ ಎರಡು ಮೂರು ಮೀಟರ್ ದೂರದಲ್ಲಿ ಎರಡೂವರೆ ಮೀಟರ್ ಎತ್ತರಕ್ಕೆ ನಿಲ್ಲಿಸಿ. 24 ಬಿಟ್, 48 ಕಿಲೋಹರ್ಟ್ಸ್. ಫ್ಯಾನ್ ಆರಿಸಿ. ತಾಲೀಮಿನ ಕೊನೆಯ ಓಟವನ್ನೂ ದಾಖಲಿಸಿ. ಜನ ಕೆಮ್ಮದ ಪ್ರತಿ ಹಲವು ಸಲ ಅದೇ ಆಗಿರುತ್ತದೆ.

ಹಕ್ಕು, ಹಣ

ಬಜೆಟ್ಟನ್ನು ಕರೆಗಳ ಲೆಕ್ಕದಲ್ಲಿ ಮಾಡಿ. ಒಬ್ಬರು ಒಂದು ಸಲ ಬಂದು ನುಡಿಸಿದರೆ ಒಂದು ಕರೆ. ನಾಲ್ಕು ಜನ, ಎರಡು ತಾಲೀಮು, ಒಂದು ಪ್ರದರ್ಶನ: 12 ಕರೆ. ಒಂದು ಕರೆಗೆ ಎಷ್ಟು ಎಂದು ಮೊದಲೇ ಮಾತಾಡಿ, ಅದರ ಮೇಲೆ ಪ್ರಯಾಣ, ಊಟ, ಮುದ್ರಣ, ಜಾಗ. ‘ಅವಕಾಶ ಕೊಡುತ್ತಿದ್ದೇವಲ್ಲ’ ಎಂದು ಬಿಟ್ಟಿ ನುಡಿಸಲು ಕೇಳಬೇಡಿ. ನಿಮ್ಮನ್ನೂ ಯಾರಾದರೂ ಹಾಗೆ ಕೇಳಿದರೆ ಒಪ್ಪಬೇಡಿ.

ದುಡ್ಡು ಎಲ್ಲಿಂದ? ಮೈಸೂರಿನ ಜಯಚಾಮರಾಜೇಂದ್ರ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು, ರಷ್ಯಾದ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಈ ಸಂಗೀತ ಕನ್ನಡ ನಾಡಿಗೆ ಪರದೇಶಿಯಲ್ಲ ಎನ್ನಲು ಇಷ್ಟು ಸಾಕು. ಈಗ ಮಹಾರಾಜರಿಲ್ಲ, ಆದರೆ ರಾಮೋತ್ಸವದ ಕಛೇರಿಗಳಿಗೆ ವರ್ಷ ವರ್ಷ ಹಣ ಕೊಡುವ ತಿಪಟೂರಿನ ಕೊಬ್ಬರಿ ವರ್ತಕರು, ಶಿಡ್ಲಘಟ್ಟದ ರೇಷ್ಮೆಯವರು, ಸಹಕಾರಿ ಬ್ಯಾಂಕಿನವರು ಇದ್ದಾರೆ. ಅವರ ಬಳಿ ‘ಸಮಕಾಲೀನ ಸಂಗೀತಕ್ಕೆ ನೆರವು’ ಎಂದು ಕೇಳಿದರೆ ಅರ್ಥವಾಗುವುದಿಲ್ಲ. ‘ನಿಮ್ಮ ತಾಯಿಯವರ ಸ್ಮರಣಾರ್ಥ ಏಳು ನಿಮಿಷದ ಒಂದು ರಚನೆ, ಸ್ಕೋರಿನ ಮೊದಲ ಪುಟದಲ್ಲಿ ಅವರ ಹೆಸರು ಶಾಶ್ವತವಾಗಿ’ ಎಂದರೆ ಆಗುತ್ತದೆ, ಮತ್ತು ಅದು ನಿಜವೂ ಹೌದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್‌ಗಳೂ ಇವೆ: 25ರಿಂದ 40 ವಯಸ್ಸಿನವರಿಗೆ ತಿಂಗಳಿಗೆ 10,000 ರೂಪಾಯಿ, 40 ದಾಟಿದವರಿಗೆ 20,000, ಎರಡು ವರ್ಷ. ಇವು ಸಂಶೋಧನೆಗೆ ಕೊಡುವಂಥವು. ‘ಕ್ವಾರ್ಟೆಟ್ ಬರೆಯುತ್ತೇನೆ’ ಎಂದಷ್ಟೇ ಹೇಳಿದರೆ ಸಾಲದು, ತಮಟೆಯ ಸೊಲ್ಲುಗಳನ್ನು ಸ್ಟಾಫ್ ನೊಟೇಶನ್ನಿಗೆ ತರುವಂಥ ಅಧ್ಯಯನದ ಯೋಜನೆ ಇರಬೇಕು.

ಬರೆಸುವವರು ಸಿಕ್ಕರೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ: ವಾದ್ಯಗಳು, ನಿಮಿಷ, ಕೊಡುವ ದಿನ, ಮುಂಗಡ ಅರ್ಧ, ಎಷ್ಟು ತಿಂಗಳು ಅವರಿಗೆ ಮಾತ್ರ ಪ್ರದರ್ಶನದ ಹಕ್ಕು, ಪಾರ್ಟ್ ಮುದ್ರಣದ ಖರ್ಚು ಯಾರದು. ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ ಎಂಬ ಸಾಲು ತಪ್ಪದಿರಲಿ. ನಮ್ಮ ಕಾಯ್ದೆಯಂತೆ ಹಕ್ಕನ್ನು ಬರಹದಲ್ಲಿ ಮಾತ್ರ ವರ್ಗಾಯಿಸಬಹುದು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಲೆಕ್ಕ. ಹಕ್ಕು ಬರೆದ ಕ್ಷಣದಿಂದಲೇ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯ ಬಂದಾಗ ಆಸರೆ. ಸಂಗೀತ ಕೃತಿಗೆ ಆನ್‌ಲೈನ್‌ನಲ್ಲಿ 500 ರೂಪಾಯಿ. ಅರ್ಜಿಯ ನಂತರ ಆಕ್ಷೇಪಣೆಗೆ 30 ದಿನ ಕಾಯಬೇಕು. ಐಪಿಆರ್‌ಎಸ್ (ರಚನಕಾರರ ರಾಯಧನ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿ ಕೃತಿಯನ್ನು ಅಲ್ಲಿ ದಾಖಲಿಸಿದರೆ ಸಾರ್ವಜನಿಕ ಪ್ರದರ್ಶನದ ರಾಯಧನ ಬರುವ ದಾರಿ ತೆರೆಯುತ್ತದೆ.

ಸಾಹಿತ್ಯ ಹಾಕಿ ಬರೆಯುವವರಿಗೆ ಒಂದು ಲೆಕ್ಕ. ಭಾರತದಲ್ಲಿ ಹಕ್ಕು ಬರೆದವರು ತೀರಿಕೊಂಡು 60 ವರ್ಷದವರೆಗೆ. ದಾಸರ ಪದ, ಎಡೆಯೂರು ಸಿದ್ಧಲಿಂಗೇಶ್ವರರ ವಚನ ಮುಕ್ತ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳು 2022ರ ಆರಂಭದಿಂದ ಮುಕ್ತ. ಮುಳಬಾಗಿಲಿನ ಡಿವಿಜಿ ಮತ್ತು 15 ಕ್ವಾರ್ಟೆಟ್ ಬರೆದ ಶೊಸ್ತಕೊವಿಚ್ ಇಬ್ಬರೂ 1975ರಲ್ಲಿ ತೀರಿಕೊಂಡವರು. ಇಬ್ಬರ ಕೃತಿಗಳಿಗೂ 2035ರ ಕೊನೆಯವರೆಗೆ ಇಲ್ಲಿ ಅನುಮತಿ ಬೇಕು. ಮಾಸ್ತಿಯವರದು 2046ರವರೆಗೆ. ಅನುಮತಿಯನ್ನು ಬರೆಯುವ ಮೊದಲೇ, ಬರಹದಲ್ಲೇ ಪಡೆಯಿರಿ.

ರಚನೆಗಳ ಸಂಭಾವನೆಯೊಂದರಿಂದಲೇ ಮನೆ ನಡೆಯುವುದು ಅಪರೂಪ. ವಾರದಲ್ಲಿ ನಾಲ್ಕು ಸಂಜೆ ಟ್ರಿನಿಟಿ, ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳಿಗೆ ಪಾಠ ಹೇಳುವುದು ಹೆಚ್ಚಿನವರ ಆಧಾರ, ಅದು ಬರವಣಿಗೆಗೂ ಒಳ್ಳೆಯದು. ಎಳೆಯ ಕೈಗೆ ಏನು ಸಾಧ್ಯ ಎಂದು ದಿನವೂ ಕಾಣುತ್ತದೆ. ಸಂಭಾವನೆಯಲ್ಲಿ ಶೇ. 10 ಟಿಡಿಎಸ್ ಹಿಡಿದರೆ ದಾಖಲೆ ಇಟ್ಟುಕೊಂಡು ರಿಟರ್ನ್ ಸಲ್ಲಿಸಿ. ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ಹೊರನಾಡಿನ ಸ್ಪರ್ಧೆಗಳಿಗೆ ಕಳಿಸುವಾಗ ನಿಯಮದ ಪ್ರತಿ ಸಾಲು ಓದಿ. ಕೆಲವು ಈವರೆಗೆ ಎಲ್ಲೂ ನುಡಿಸಿರದ ರಚನೆಯನ್ನೇ ಕೇಳುತ್ತವೆ. ಊರಿನ ಪ್ರದರ್ಶನವೂ ಪ್ರದರ್ಶನವೇ. ಹೆಸರಿಲ್ಲದೆ ಕಳಿಸಿ ಎಂದಿದ್ದರೆ ಮುಖಪುಟದಿಂದ ಮಾತ್ರ ಅಲ್ಲ, ಪಿಡಿಎಫ್ ಕಡತದ ಒಳವಿವರದಿಂದಲೂ ಹೆಸರು ತೆಗೆಯಿರಿ. ಪ್ರವೇಶ ಶುಲ್ಕ ದೊಡ್ಡದಿದ್ದು, ಗೆದ್ದರೆ ನುಡಿಸುತ್ತೇವೆ ಎಂಬ ಭರವಸೆ ಇಲ್ಲದಿದ್ದರೆ ಆ ಹಣಕ್ಕೆ ಇನ್ನೊಂದು ತಾಲೀಮು ಮಾಡಿ.

ಪ್ರದರ್ಶನ ಮುಗಿದ ರಾತ್ರಿಯೇ, ನುಡಿಸಿದವರು ಕಾರು ಹತ್ತುವ ಮೊದಲು, ಅವರ ಪಾರ್ಟ್‌ಗಳನ್ನು ಕೇಳಿ ಪಡೆಯಿರಿ. ಅವುಗಳಲ್ಲಿ ಪೆನ್ಸಿಲಿನಿಂದ ಬರೆದ ಕಮಾನಿನ ದಿಕ್ಕು, ಬೆರಳಿನ ಸಂಖ್ಯೆ, ಸುತ್ತು ಹಾಕಿದ ಅಪಾಯದ ಜಾಗ, ‘ಚೆಲೊ ನೋಡು’ ಎಂಬ ಟಿಪ್ಪಣಿ ಎಲ್ಲ ಇರುತ್ತವೆ. ಸ್ಕ್ಯಾನ್ ಮಾಡಿಟ್ಟುಕೊಂಡು, ಒಂದು ವಾರದೊಳಗೆ ಪ್ರತಿಯೊಂದು ಗುರುತನ್ನೂ ಸ್ಕೋರಿನ ಎದುರಿಟ್ಟು ನೋಡಿ, ಒಪ್ಪುವಂಥದ್ದನ್ನು ಸೇರಿಸಿ, ಕೆಳಗೆ ಹೊಸ ಆವೃತ್ತಿಯ ದಿನಾಂಕ ಹಾಕಿ. ಮುಂದಿನ ನಾಲ್ವರಿಗೆ ಹೋಗಬೇಕಾದ್ದು ಆ ಪ್ರತಿ.